ಡ್ರೆಸ್ಡೆನ್‌ನಲ್ಲೇ ಯಾಕೆ ಓದಬೇಕು ಎಂದು ಕೇಳಿದರೆ ಏನು ಬರೆಯುವುದು?

ಅಕ್ಕ ಎಂದು ಕರೆದು ಬರೆದಿದ್ದೀಯ, ಹಾಗಾಗಿ ನಾನೂ ‘ನೀನು’ ಎಂದೇ ಬರೆಯುತ್ತೇನೆ. ನಿನ್ನ ಮಾತನ್ನು ನಾನು ಅರ್ಥ ಮಾಡಿಕೊಂಡದ್ದು ಹೀಗೆ. ಗಂಡನಿಗೆ ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಕೆಲಸ, ನೀನು ಬಂದು ಕೆಲವೇ ತಿಂಗಳಾಗಿದೆ. ಸಿವಿಲ್ ಎಂಜಿನಿಯರಿಂಗ್ ಓದಿದ್ದೀಯ, ಕುಡಿಯುವ ನೀರಿನ ಯೋಜನೆಯೊಂದರಲ್ಲಿ ಕೆಲಸ ಮಾಡಿದ್ದೀಯ. ಈಗ ಇಲ್ಲಿನ ತಾಂತ್ರಿಕ ವಿಶ್ವವಿದ್ಯಾಲಯವಾದ ಟಿಯು ಡ್ರೆಸ್ಡೆನ್‌ನಲ್ಲಿ ಹೈಡ್ರೋ ಸೈನ್ಸ್ ಅಂಡ್ ಎಂಜಿನಿಯರಿಂಗ್ ಮಾಸ್ಟರ್ಸ್ ಮಾಡುವ ಆಸೆ. ಮೋಟಿವೇಷನ್ ಲೆಟರ್, ಅಂದರೆ ಯಾಕೆ ಓದಬೇಕು ಎಂದು ಅರ್ಜಿಯ ಜೊತೆ ಕೊಡುವ ಪತ್ರ, ಬರೆಯಲು ಕೂತರೆ ‘ಈ ವಿಶ್ವವಿದ್ಯಾಲಯವೇ ಯಾಕೆ’ ಎಂಬಲ್ಲಿ ಕೈ ನಿಂತುಹೋಗುತ್ತಿದೆ. ನಿಜವಾದ ಕಾರಣ ಗಂಡ ಇಲ್ಲಿರುವುದು. ಅದನ್ನು ಬರೆದರೆ ನನ್ನನ್ನು ಹಗುರವಾಗಿ ನೋಡುತ್ತಾರಾ ಎಂಬ ಭಯ. ರ‍್ಯಾಂಕಿಂಗ್ ಬಗ್ಗೆ ಬರೆ, ಸಂಸಾರದ ವಿಷಯ ಎತ್ತಲೇಬೇಡ ಎಂದು ಗೆಳತಿಯರು ಹೇಳಿದ್ದಾರೆ. ಕೊನೆಗೆ, ಇಲ್ಲಿನ ಓದು, ಇಲ್ಲಿನ ಬದುಕು ನನ್ನಿಂದ ಆಗುತ್ತದಾ ಎಂದೂ ಕೇಳಿದ್ದೀಯ.

ಎರಡೂ ಪ್ರಶ್ನೆಗೆ ಒಟ್ಟಿಗೇ ಉತ್ತರ ಕೊಡುತ್ತೇನೆ, ಯಾಕೆಂದರೆ ಅವು ಬೇರೆ ಬೇರೆ ಅಲ್ಲ. ನಾನೂ ಅದೇ ವಿಶ್ವವಿದ್ಯಾಲಯದಲ್ಲಿ ಓದಿದವಳು. ಈಗ ಡ್ರೆಸ್ಡೆನ್ ಇರುವ ಸ್ಯಾಕ್ಸನಿ ರಾಜ್ಯದಲ್ಲೇ ನೀರಿನ ಕೆಲಸ ಮಾಡುವ ಒಂದು ಎಂಜಿನಿಯರಿಂಗ್ ಕಚೇರಿಯಲ್ಲಿದ್ದೇನೆ.

ರ‍್ಯಾಂಕಿಂಗ್ ವಿಷಯ ಬೇಗ ಮುಗಿಸೋಣ. ತಮ್ಮ ವಿಶ್ವವಿದ್ಯಾಲಯ ಎಷ್ಟನೇ ಸ್ಥಾನದಲ್ಲಿದೆ ಎನ್ನುವುದು ನಿನ್ನ ಪತ್ರ ಓದುವವರಿಗೆ ಗೊತ್ತಿರುತ್ತದೆ. ‘ವಿಶ್ವದರ್ಜೆಯ ಪ್ರಾಧ್ಯಾಪಕರು’, ‘ಅತ್ಯಾಧುನಿಕ ಪ್ರಯೋಗಾಲಯಗಳು’ ಎಂದು ಬರೆದ ಪ್ಯಾರಾದಲ್ಲಿ ಡ್ರೆಸ್ಡೆನ್ ತೆಗೆದು ಇನ್ನೊಂದು ವಿಶ್ವವಿದ್ಯಾಲಯದ ಊರಾದ ಆಖೆನ್ ಎಂದು ಹಾಕಿದರೂ ಒಂದಕ್ಷರ ಬದಲಾಗುವುದಿಲ್ಲ, ಅಲ್ವಾ? ನೀನು ಕಳಿಸಿದ ಕರಡಿನ ಎರಡನೇ ಪ್ಯಾರಾ ಹಾಗೇ ಇದೆ. ಅದನ್ನು ಪೂರ್ತಿ ತೆಗೆದುಬಿಡು.

ಅದೇ ಕರಡಿನಲ್ಲಿ, ಕೆಳಗೆ ಎಲ್ಲೋ ಮೂಲೆಯಲ್ಲಿ, ಒಂದು ಸಾಲು ನನ್ನನ್ನು ಹಿಡಿದು ನಿಲ್ಲಿಸಿತು. ಟ್ಯಾಂಕಿನಿಂದ ಹೊರಟ ನೀರಿಗೂ ಮನೆಗಳಿಗೆ ತಲುಪಿದ ನೀರಿಗೂ ಲೆಕ್ಕ ಕೂಡುತ್ತಿರಲಿಲ್ಲ, ಕಚೇರಿಯ ನಕ್ಷೆಗಿಂತ ನೀರುಗಂಟಿಗೆ ಪೈಪಿನ ದಾರಿ ಚೆನ್ನಾಗಿ ಗೊತ್ತಿತ್ತು ಎಂದು ಬರೆದಿದ್ದೀಯ. ಇದು ನಿನ್ನದು. ಇದನ್ನು ಬೇರೆ ಯಾರೂ ಬರೆಯಲಾರರು. ಪತ್ರ ಇಲ್ಲಿಂದಲೇ ಶುರುವಾಗಬೇಕು. ಆ ಲೆಕ್ಕ ಯಾಕೆ ಕೂಡಲಿಲ್ಲ, ನೀನು ಏನು ಮಾಡಿ ನೋಡಿದೆ, ಎಲ್ಲಿಗೆ ಬಂದಾಗ ನಿನ್ನ ಓದು ಸಾಲದಾಯಿತು ಎನ್ನುವುದನ್ನು ನಾಲ್ಕೈದು ವಾಕ್ಯದಲ್ಲಿ ಹೇಳು. ಅಳೆದದ್ದಿದ್ದರೆ ಅಂಕಿ ಕೊಡು. ಯಾವ ಸಾಫ್ಟ್‌ವೇರ್ ಬಳಸಿದೆ ಎಂದು ಹೇಳು. ಚಿಕ್ಕಂದಿನಿಂದಲೂ ನೀರೆಂದರೆ ಪ್ರೀತಿ ಎಂಬಂಥ ಮಾತು ಬೇಡ. ಇಲ್ಲಿ ‘ವೈಯಕ್ತಿಕ ಕಾರಣ’ ಎಂದು ಅವರು ಕೇಳುವುದು ಬಾಲ್ಯದ ಕಥೆಯನ್ನಲ್ಲ. ನಿನ್ನ ಕೈಯಲ್ಲಿ ಬಿಡಿಸದೇ ಉಳಿದ ಕೆಲಸ ಯಾವುದು, ಅದಕ್ಕೆ ಬೇಕಾದದ್ದು ನಮ್ಮಲ್ಲಿದೆ ಎಂದು ನಿನಗೆ ಹೇಗೆ ಗೊತ್ತು ಎಂಬುದನ್ನು ಕೇಳುತ್ತಾರೆ.

ಆ ಎರಡನೇ ಭಾಗಕ್ಕೆ ಮಾಡ್ಯೂಲ್ ಹ್ಯಾಂಡ್‌ಬುಕ್ ಓದಲೇಬೇಕು. ಮಾಡ್ಯೂಲ್ ಎಂದರೆ ಕೋರ್ಸಿನ ಒಂದೊಂದು ವಿಷಯ. ಪ್ರತಿ ಕೋರ್ಸಿಗೂ ಒಂದಿರುತ್ತದೆ, ವಿಶ್ವವಿದ್ಯಾಲಯವೇ ಪ್ರಕಟಿಸುತ್ತದೆ. ಯಾವ ಮಾಡ್ಯೂಲ್, ಯಾರು ಕಲಿಸುತ್ತಾರೆ, ಎಷ್ಟು ಕ್ರೆಡಿಟ್, ಪರೀಕ್ಷೆ ಬರವಣಿಗೆಯದೋ ಮೌಖಿಕವೋ, ಮೊದಲೇ ಏನು ತಿಳಿದಿರಬೇಕು ಎಲ್ಲವೂ ಅದರಲ್ಲಿರುತ್ತದೆ. ಒಂದು ಸಂಜೆ ಕೂತು ಓದು. ಎರಡು ಅಥವಾ ಮೂರು ಮಾಡ್ಯೂಲ್ ಆರಿಸಿಕೊಂಡು, ನಿನ್ನ ಕೂಡದ ಲೆಕ್ಕಕ್ಕೂ ಅವಕ್ಕೂ ಏನು ಸಂಬಂಧ ಎಂದು ಬರೆ. ಹತ್ತು ಹೆಸರು ಸುರಿದರೆ ಹ್ಯಾಂಡ್‌ಬುಕ್ ನಕಲು ಮಾಡಿದಂತೆ ಕಾಣುತ್ತದೆ, ಅದರಿಂದ ಪ್ರಯೋಜನವಿಲ್ಲ. ಪ್ರಾಧ್ಯಾಪಕರ ಹೆಸರು ಹಾಕುವುದಾದರೆ ಅವರ ಒಂದು ಲೇಖನವನ್ನಾದರೂ ನಿಜವಾಗಿ ಓದಿರಬೇಕು.

ಇನ್ನು ಡ್ರೆಸ್ಡೆನ್. ನೀರು ಓದಲು ಈ ಊರು ಸುಮ್ನೆ ಒಂದು ವಿಳಾಸವಲ್ಲ. ಹೂಬರ್ಟ್ ಎಂಗೆಲ್ಸ್ ಎಂಬ ಪ್ರಾಧ್ಯಾಪಕರು 1898ರಲ್ಲಿ ಇಲ್ಲಿ ನದಿಗಳ ಮಾದರಿ ಕಟ್ಟಿ ಪ್ರಯೋಗ ಮಾಡುವ ಲ್ಯಾಬ್ ಶುರು ಮಾಡಿದರು. ನದಿ ಎಂಜಿನಿಯರಿಂಗ್‌ಗೆಂದೇ ಇದ್ದ ಮೊದಲ ಕಾಯಂ ಲ್ಯಾಬ್ ಎಂದು ಅದನ್ನು ಹೇಳುತ್ತಾರೆ, ಇಂದಿಗೂ ಅವರ ಹೆಸರಿನಲ್ಲೇ ಇದೆ. ಜಲವಿಜ್ಞಾನ ಮತ್ತು ಹವಾಮಾನದ ವಿಭಾಗ ಇರುವುದು ಊರಿನ ಹೊರಗೆ ಟಾರಾಂಟ್‌ನಲ್ಲಿ. ಅಲ್ಲಿ 1811ರಿಂದ ಅರಣ್ಯಶಾಸ್ತ್ರ ಕಲಿಸುತ್ತಾ ಬಂದಿದ್ದಾರೆ, ಹಾಗಾಗಿ ಕಾಡು, ಮಳೆ, ಹರಿವು ಮೂರನ್ನೂ ಒಟ್ಟಿಗೆ ನೋಡುವ ಅಭ್ಯಾಸ ಹಳೆಯದು.

2002ರ ಆಗಸ್ಟ್‌ನ ಪ್ರವಾಹದ ಬಗ್ಗೆ ನಿನ್ನ ಅಕ್ಕಪಕ್ಕದ ಹಿರಿಯರನ್ನು ಕೇಳಿ ನೋಡು. ಎಲ್ಬೆ ನದಿ ಇಲ್ಲಿ 9.40 ಮೀಟರ್‌ಗೆ ಏರಿತ್ತು. ಮಾಮೂಲಿ ದಿನಗಳಲ್ಲಿ ಅದು ಎರಡು ಮೀಟರ್ ಆಸುಪಾಸು. ಅದಕ್ಕೂ ಮುಂಚೆ, ಚಿಕ್ಕ ಉಪನದಿ ವೈಸೆರಿಟ್ಸ್ ದಂಡೆ ಮೀರಿ ತನ್ನ ಹಳೆಯ ಪಾತ್ರಕ್ಕೆ ನುಗ್ಗಿತು. ನೂರು ವರ್ಷಕ್ಕೂ ಹಿಂದೆ ಆ ನದಿಯ ದಾರಿಯನ್ನು ಬದಲಾಯಿಸಿದ್ದರು. ಹಳೆಯ ದಾರಿಯಲ್ಲಿ ಆಗಲೇ ಊರು ಬೆಳೆದಿತ್ತು, ಮುಖ್ಯ ರೈಲ್ವೆ ನಿಲ್ದಾಣಕ್ಕೇ ನೀರು ಹೊಕ್ಕಿತು. ನೀನು ಈಗ ರೈಲು ಹತ್ತುವ ಅದೇ ನಿಲ್ದಾಣ. 2018ರಲ್ಲಿ ತದ್ವಿರುದ್ಧ. ಎಲ್ಬೆ ಎಷ್ಟು ಬತ್ತಿತ್ತೆಂದರೆ ಗಡಿಯಾಚೆ ಚೆಕ್ ದೇಶದ ಡೆಚೀನ್‌ನಲ್ಲಿ ಹಳೆಯ ‘ಹಸಿವಿನ ಕಲ್ಲು’ ಮೇಲೆ ಬಂತು. ‘ನನ್ನನ್ನು ಕಂಡರೆ ಅಳು’ ಎಂದು ಅದರ ಮೇಲೆ ಜರ್ಮನ್‌ನಲ್ಲಿ ಕೆತ್ತಿದೆ. ಹಿಂದಿನವರು ಬರಗಾಲದಲ್ಲಿ ನೀರು ಎಲ್ಲಿಯವರೆಗೆ ಇಳಿಯಿತು ಎಂದು ಗುರುತು ಮಾಡಿಟ್ಟಿದ್ದ ಕಲ್ಲು. ಒಂದೇ ನದಿಯ ನೆರೆ, ಬರ ಎರಡನ್ನೂ ನೋಡಿದ ಊರಿನಲ್ಲಿ ನೀರಿನ ಲೆಕ್ಕ ಕಲಿಯಬೇಕು ಎಂದು ನೀನು ಬರೆದರೆ ಅದು ಹೊಗಳಿಕೆ ಆಗುವುದಿಲ್ಲ, ಕಾರಣ ಆಗುತ್ತದೆ. ಆದರೆ ಇದನ್ನೆಲ್ಲ ಪತ್ರದಲ್ಲಿ ತುಂಬಬೇಡ, ಒಂದು ವಾಕ್ಯ ಸಾಕು. ಉಳಿದದ್ದನ್ನು ನಿನಗಾಗಿ ಬರೆದೆ. ಬಂದು ಸೇರಿದ ಊರನ್ನು ಹೀಗೆ ತಿಳಿದುಕೊಂಡರೆ ಅದು ಬೇಗ ನಿನ್ನದಾಗುತ್ತದೆ.

ಈಗ ಗಂಡನ ವಿಷಯ. ಮುಚ್ಚಿಡಬೇಡ. ಮೊದಲ ಕಾರಣವಾಗಿ ಬರೆಯಬೇಡ, ಅಷ್ಟೇ. ಪತ್ರ ಓದುವವರ ಕಡೆಯಿಂದ ಯೋಚಿಸು. ಸೀಟು ಕೊಟ್ಟ ಮೇಲೆ ಈಕೆ ಬರುತ್ತಾಳಾ, ಮುಗಿಸುತ್ತಾಳಾ ಎಂಬ ಅನುಮಾನ ಅವರಿಗೆ ಇದ್ದೇ ಇರುತ್ತದೆ. ದೂರದಿಂದ ಅರ್ಜಿ ಹಾಕಿದ ಕೆಲವರಿಗೆ ವೀಸಾ ತಡವಾಗುತ್ತದೆ, ಕೆಲವರು ಬೇರೆ ಕಡೆ ಸೇರುತ್ತಾರೆ. ನೀನು ಆಗಲೇ ಇಲ್ಲಿದ್ದೀಯ, ಮನೆ ಇಲ್ಲಿದೆ, ವಾಸದ ಪರವಾನಗಿ ಇದೆ. ಅದನ್ನು ಹೀಗೆ ಬರೆಯಬಹುದು: ‘ನನ್ನ ಕುಟುಂಬ ಡ್ರೆಸ್ಡೆನ್‌ನಲ್ಲಿ ನೆಲೆಸಿದೆ. ಆದ್ದರಿಂದ ನಾಲ್ಕೂ ಸೆಮಿಸ್ಟರ್ ಇಲ್ಲೇ ಇದ್ದು ಓದುತ್ತೇನೆ, ಮುಗಿದ ಮೇಲೆ ಈ ಪ್ರದೇಶದಲ್ಲೇ ಕೆಲಸ ಮಾಡುವ ಉದ್ದೇಶವಿದೆ.’ ಇಷ್ಟೇ. ಸಮಜಾಯಿಷಿ ಬೇಡ, ಕ್ಷಮೆ ಕೇಳುವ ದನಿ ಬೇಡ. ಮದುವೆಯಾಗಿ ಬಂದವಳು ಎಂದ ಮಾತ್ರಕ್ಕೆ ನಿನ್ನ ಓದಿನ ಆಸೆ ಎರಡನೇ ದರ್ಜೆಯದು ಎಂದು ನೀನೇ ಅಂದುಕೊಂಡಿದ್ದೀಯ ಅನ್ನಿಸಿತು. ಅದರಿಂದ ನನಗೆ ಬೇಜಾರಾಯಿತು. ಊರನ್ನು ಆರಿಸಿದ್ದು ಗಂಡನ ಕೆಲಸವೇ ಇರಬಹುದು. ಆ ಊರಿನಲ್ಲಿ ಏನು ಮಾಡಬೇಕು ಎನ್ನುವುದನ್ನು ಆರಿಸುತ್ತಿರುವವಳು ನೀನು.

ಹಣದ ಕಾರಣವನ್ನು ಮಾತ್ರ ಪತ್ರದಲ್ಲಿ ಬರೆಯಬೇಡ. ಅದು ತಪ್ಪು ಕಾರಣ ಎಂದಲ್ಲ, ಅವರಿಗೆ ಅದರಿಂದ ಏನೂ ತಿಳಿಯುವುದಿಲ್ಲ. ಮನೆಯಲ್ಲಿ ಲೆಕ್ಕ ಹಾಕುವಾಗ ಮಾತ್ರ ಮುಖ್ಯವೇ. ಬಾಡೆನ್-ವುರ್ಟೆಂಬರ್ಗ್ ರಾಜ್ಯ 2017ರಿಂದ ಯುರೋಪಿಯನ್ ಒಕ್ಕೂಟದ ಹೊರಗಿನ ವಿದ್ಯಾರ್ಥಿಗಳಿಂದ ಸೆಮಿಸ್ಟರ್‌ಗೆ 1,500 ಯೂರೋ ಶುಲ್ಕ ತೆಗೆದುಕೊಳ್ಳುತ್ತಿದೆ. ಮ್ಯೂನಿಕ್‌ನ ಟಿಯು 2024ರಲ್ಲಿ ತನ್ನದೇ ಶುಲ್ಕ ಶುರು ಮಾಡಿತು, ಅದು ಇನ್ನೂ ಜಾಸ್ತಿ. ಹೀಗಾಗಿ ‘ಜರ್ಮನಿಯಲ್ಲಿ ಓದು ಫ್ರೀ’ ಎಂಬ ಮಾತನ್ನು ಕೇಳಿ ನಂಬಬೇಡ, ನೀನು ಸೇರುವ ವರ್ಷದ ನಿಯಮವನ್ನು ವಿಶ್ವವಿದ್ಯಾಲಯದಲ್ಲೇ ವಿಚಾರಿಸು. ಇನ್ನೊಂದು ಕಡೆ ನಿನಗೆ ಅನುಕೂಲವಿದೆ. ವಿದ್ಯಾರ್ಥಿ ವೀಸಾದಲ್ಲಿ ಬರುವವರು ಸಾಮಾನ್ಯವಾಗಿ ಬ್ಲಾಕ್ಡ್ ಅಕೌಂಟ್‌ನಲ್ಲಿ, ಅಂದರೆ ತಿಂಗಳಿಗೆ ಇಷ್ಟೇ ಎಂದು ತೆಗೆಯಬಹುದಾದ ಖಾತೆಯಲ್ಲಿ, ವರ್ಷಕ್ಕೆ 11,904 ಯೂರೋ (2025ರ ಲೆಕ್ಕ) ತೋರಿಸಬೇಕು, ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ ಮಾತ್ರ ಕೆಲಸ ಮಾಡಬಹುದು. ಸಂಗಾತಿಯ ಜೊತೆ ಇರಲು ಬಂದವರ ಪರವಾನಗಿಗೆ ಈ ಕಟ್ಟುಗಳಿಲ್ಲ. ಓದಲೂಬಹುದು, ದುಡಿಯಲೂಬಹುದು.

ಇನ್ನು ‘ನನ್ನಿಂದ ಆಗುತ್ತದಾ’ ಎಂಬುದಕ್ಕೆ ಬರೋಣ. ಓದು ಕಷ್ಟವಿದೆ. ಮಾಸ್ಟರ್ಸ್‌ಗೆ 120 ಕ್ರೆಡಿಟ್, ಸೆಮಿಸ್ಟರ್‌ಗೆ 30. ಒಂದು ಕ್ರೆಡಿಟ್ ಎಂದರೆ ಸುಮಾರು ಮೂವತ್ತು ಗಂಟೆ ಕೆಲಸ. ತರಗತಿಯಲ್ಲಿ ಕೂರುವುದು ಅದರಲ್ಲಿ ಸಣ್ಣ ಪಾಲು, ಉಳಿದದ್ದು ನೀನೇ ಕೂತು ಮಾಡಬೇಕಾದದ್ದು. ಯಾರೂ ಬೆನ್ನ ಹಿಂದೆ ನಿಂತು ಓದಿಸುವುದಿಲ್ಲ. ಎಷ್ಟೋ ಮಾಡ್ಯೂಲ್‌ಗಳಲ್ಲಿ ಸೆಮಿಸ್ಟರ್ ಕೊನೆಯ ಒಂದು ಪರೀಕ್ಷೆಯೇ ಪೂರ್ತಿ ಅಂಕ. ಸಾಮಾನ್ಯವಾಗಿ ಮೂರು ಅವಕಾಶ ಇರುತ್ತದೆ. ಕಡ್ಡಾಯ ವಿಷಯದಲ್ಲಿ ಮೂರನೇ ಸಲವೂ ಫೇಲಾದರೆ ಆ ಕೋರ್ಸ್ ಅಲ್ಲಿಗೆ ಮುಗಿಯಿತು. ಅದೇ ಕೋರ್ಸನ್ನು ಜರ್ಮನಿಯ ಇನ್ನೊಂದು ವಿಶ್ವವಿದ್ಯಾಲಯದಲ್ಲಿ ಮುಂದುವರಿಸುವುದೂ ಹೆಚ್ಚುಕಡಿಮೆ ಸಾಧ್ಯವಿಲ್ಲ. ಹೆದರಿಸಲು ಹೇಳುತ್ತಿಲ್ಲ. ಬಂದ ಮೇಲೆ ಇದು ಗೊತ್ತಾಗಿ ಕಂಗಾಲಾದವರನ್ನು ನೋಡಿದ್ದೇನೆ.

ನನ್ನ ಜೊತೆ ಓದುತ್ತಿದ್ದ ಒಬ್ಬ ಬಹಳ ಬುದ್ಧಿವಂತ. ಒಳ್ಳೆಯ ಹೆಸರಿನ ವಿಶ್ವವಿದ್ಯಾಲಯ ಸಿಕ್ಕಿತು ಎಂದಷ್ಟೇ ಬಂದಿದ್ದ. ಅಂತರ್ಜಲದ ಮಾಡೆಲಿಂಗ್ ಬಂದಾಗ, ಇದೆಲ್ಲ ನನಗೆ ಯಾಕೆ ಬೇಕು ಎಂದು ಕೇಳತೊಡಗಿದ. ಅದಕ್ಕೆ ಅವನಲ್ಲಿ ಉತ್ತರವಿರಲಿಲ್ಲ, ಬಿಟ್ಟು ಹೋದ. ನನಗೂ ಆ ವಿಷಯ ಅಷ್ಟೇ ಕಷ್ಟವಾಗಿತ್ತು. ಆದರೆ ನಾನು ಕೊಳವೆಬಾವಿಗಳು ಒಂದೊಂದಾಗಿ ಬತ್ತಿದ್ದನ್ನು ನೋಡಿ, ನೆಲದೊಳಗೆ ಏನಾಗುತ್ತಿದೆ ಎಂದು ತಿಳಿಯಲೇಬೇಕು ಎಂದು ಬಂದವಳು. ಡಿಸೆಂಬರ್‌ನಲ್ಲಿ ಇಲ್ಲಿ ಹಗಲು ಎಂಟೇ ಗಂಟೆ, ಸಂಜೆ ನಾಲ್ಕಕ್ಕೆ ಕತ್ತಲು. ಅಂಥ ಸಂಜೆಗಳಲ್ಲಿ ಗ್ರಂಥಾಲಯಕ್ಕೆ ಹೋಗಿ ಕೂರುವಂತೆ ಮಾಡಿದ್ದು ಆ ಪ್ರಶ್ನೆಯೇ. ಅದಕ್ಕೇ ಹೇಳಿದೆ, ನಿನ್ನ ಎರಡು ಪ್ರಶ್ನೆಗಳು ಬೇರೆ ಅಲ್ಲ ಎಂದು. ಪತ್ರದಲ್ಲಿ ನೀನು ಬರೆಯುವ ಕಾರಣದ ಮೇಲೇ ಮೊದಲ ಚಳಿಗಾಲವನ್ನು ಕಳೆಯಬೇಕು. ಸುಳ್ಳು ಕಾರಣ ಬರೆದು ಸೀಟು ಸಿಕ್ಕರೂ ಆ ಚಳಿಗಾಲದಲ್ಲಿ ಅದು ಕೈಗೆ ಬರುವುದಿಲ್ಲ.

ಭಾಷೆಯ ಬಗ್ಗೆ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಕೋರ್ಸ್ ಇಂಗ್ಲಿಷ್‌ನಲ್ಲಿದೆ ಎಂದು ಜರ್ಮನ್ ಮುಂದಕ್ಕೆ ತಳ್ಳಬೇಡ. ಇಲ್ಲಿ ಕುಡಿಯುವ ನೀರು, ಒಳಚರಂಡಿ, ಅಣೆಕಟ್ಟು ಎಲ್ಲವೂ ಹೆಚ್ಚಾಗಿ ಊರಿನ ಸಂಸ್ಥೆಗಳ, ರಾಜ್ಯದ ಇಲಾಖೆಗಳ ಕೈಯಲ್ಲಿವೆ. ಸ್ಯಾಕ್ಸನಿಯ ಅಣೆಕಟ್ಟುಗಳನ್ನು ನೋಡಿಕೊಳ್ಳುವ ಇಲಾಖೆ ಪಕ್ಕದ ಪಿರ್ನಾದಲ್ಲಿದೆ. ಲೈಪ್‌ಜಿಗ್‌ನಲ್ಲಿ ಹೆಲ್ಮ್‌ಹೋಲ್ಟ್ಸ್ ಪರಿಸರ ಸಂಶೋಧನಾ ಕೇಂದ್ರವಿದೆ. ಸಂಶೋಧನೆಗೆ ಇಂಗ್ಲಿಷ್ ಸಾಕಾಗಬಹುದು. ಪೈಪ್ ಒಡೆದ ಕಡೆ ಹೋಗಿ ಫೋರ್‌ಮನ್ ಜೊತೆ ಮಾತಾಡಲು ಸಾಕಾಗುವುದಿಲ್ಲ, ಮತ್ತು ನಿನ್ನ ಆಸಕ್ತಿ ಇರುವುದು ಅಲ್ಲೇ. ಹೊರಗಿನಿಂದ ಬಂದವರಿಗಾಗಿ ಇರುವ ಸರ್ಕಾರದ ಇಂಟಿಗ್ರೇಷನ್ ಕೋರ್ಸ್‌ನಲ್ಲಿ 600 ಗಂಟೆ ಭಾಷೆ, 100 ಗಂಟೆ ಈ ದೇಶದ ಕಾನೂನು, ಇತಿಹಾಸ, ಸಮಾಜದ ಪಾಠ. ಮುಗಿಸಿದರೆ ಬಿ1 ಮಟ್ಟ, ಅಂದರೆ ದಿನನಿತ್ಯದ ಮಾತುಕತೆಗೆ ಸಾಕಾಗುವಷ್ಟು ಜರ್ಮನ್, ಬರುತ್ತದೆ. ಅರ್ಜಿಗೆ ಉತ್ತರ ಬರುವ ತನಕ ಕಾಯುತ್ತಾ ಕೂರುವ ಬದಲು ಅದಕ್ಕೆ ಹೆಸರು ಕೊಡು. ಜರ್ಮನ್ ಕಲಿಯುತ್ತಿದ್ದೇನೆ ಎಂಬ ಸಾಲು ಪತ್ರಕ್ಕೂ ಬಲ ಕೊಡುತ್ತದೆ.

ಓದಲು ವಯಸ್ಸು ಮೀರಿತು ಎಂಬ ಚಿಂತೆ ಇದ್ದರೆ ಬಿಡು. ಮೂವತ್ತರ ಆಸುಪಾಸಿನವರು ತರಗತಿಯಲ್ಲಿ ಬೇಕಾದಷ್ಟು ಜನ ಇರುತ್ತಾರೆ. ಕೆಲಸ ಮಾಡಿ ಬಂದವರ ಮಾತಿಗೆ ಸೆಮಿನಾರ್‌ಗಳಲ್ಲಿ ಬೆಲೆ ಜಾಸ್ತಿ. ಒಂಟಿತನ ಇರುತ್ತದೆ, ಇಲ್ಲ ಎನ್ನುವುದಿಲ್ಲ. ಇಲ್ಲಿನವರು ತಾವಾಗಿ ಬಂದು ಮಾತಾಡಿಸುವುದು ಕಡಿಮೆ, ಆದರೆ ಒಟ್ಟಿಗೆ ಒಂದು ಪ್ರಾಜೆಕ್ಟ್ ಮಾಡಿದರೆ ಗೆಳೆತನ ಗಟ್ಟಿಯಾಗುತ್ತದೆ. ಎರಡನೇ ಸೆಮಿಸ್ಟರ್‌ನಿಂದ ವಿಭಾಗದಲ್ಲಿ ಹಿವಿ ಕೆಲಸ, ಅಂದರೆ ಪ್ರಾಧ್ಯಾಪಕರಿಗೆ ವಿದ್ಯಾರ್ಥಿ ಸಹಾಯಕಿಯ ಕೆಲಸ, ಕೇಳಿ ನೋಡು. ಸಂಬಳ ದೊಡ್ಡದಲ್ಲ. ಆದರೆ ಲ್ಯಾಬಿನ ಕೀಲಿ ಕೈಗೆ ಬಂದರೆ ಜನರೂ ಪರಿಚಯವಾಗುತ್ತಾರೆ, ಥೀಸಿಸ್‌ಗೆ ವಿಷಯವೂ ಅಲ್ಲೇ ಸಿಗುತ್ತದೆ.

ಪತ್ರ ಒಂದು ಪುಟ, ಬಹಳವಾದರೆ ಒಂದೂವರೆ. ನೀರುಗಂಟಿಯ ಸಾಲು ಮೇಲೆ, ಮಾಡ್ಯೂಲ್‌ಗಳು ಮಧ್ಯೆ, ಕುಟುಂಬ ಮತ್ತು ಮುಂದಿನ ಕೆಲಸ ಕೆಳಗೆ. ಬೇರೆಯವರಿಂದ ಬರೆಸಬೇಡ, ನಿನ್ನ ಇಂಗ್ಲಿಷ್ ಸಾಕಷ್ಟು ಚೆನ್ನಾಗಿದೆ. ಹೊಸ ಕರಡು ಆದ ಮೇಲೆ ಕಳಿಸು, ಓದಿ ಹೇಳುತ್ತೇನೆ. ಆ ಕೂಡದ ಲೆಕ್ಕದಲ್ಲಿ ನೀನು ಅಳೆದ ಅಂಕಿಗಳನ್ನೂ ಜೊತೆಗಿಡು, ಅವು ನನಗೂ ಬೇಕು.