ತೀರಿಹೋದವರ ಜೊತೆ ಮಾತಾಡಿಸುವ ಮೀಡಿಯಂಗಳು ನಿಜವಾ?

ಇಲ್ಲ. ಸರಿಯಾಗಿ ಪರೀಕ್ಷೆ ಮಾಡಿದ ಕಡೆ ಈ ಮಾತು ನಿಂತಿಲ್ಲ.

ಈ ಗೀಳು ಜೋರಾದದ್ದು 1848ರಲ್ಲಿ, ಅಮೆರಿಕದ ಫಾಕ್ಸ್ ಅಕ್ಕತಂಗಿಯರ ಮನೆಯ ‘ಟಕ್ ಟಕ್’ ಸದ್ದಿನಿಂದ. ಅದು ಸತ್ತವರ ಆತ್ಮದ ಉತ್ತರ ಎಂದು ಅವರು ಹೇಳುತ್ತಿದ್ದರು. 1888ರಲ್ಲಿ ಅವರಲ್ಲೊಬ್ಬರಾದ ಮಾರ್ಗರೆಟ್, ಕಾಲ್ಬೆರಳಿನ ಗಂಟಿನಿಂದ ಆ ಸದ್ದು ಹೇಗೆ ಬರುತ್ತದೆಂದು ನ್ಯೂಯಾರ್ಕಿನ ವೇದಿಕೆಯಲ್ಲೇ ತೋರಿಸಿದರು. ಮರುವರ್ಷ ಮಾತು ಬದಲಿಸಿದರು, ಆದರೆ ಜನ ನೋಡಿಯಾಗಿತ್ತು. ಇಂಥ ಶಕ್ತಿಯನ್ನು ಪರೀಕ್ಷೆಯಲ್ಲಿ ತೋರಿಸಿದವರಿಗೆಂದು ಜಾದೂಗಾರ ಜೇಮ್ಸ್ ರ‍್ಯಾಂಡಿ ಇಟ್ಟಿದ್ದ 10 ಲಕ್ಷ ಡಾಲರ್ ಬಹುಮಾನವನ್ನೂ ಯಾರೂ ಗೆಲ್ಲಲಿಲ್ಲ.

ಹಾಗಾದರೆ ಅವರು ಹೇಳಿದ್ದು ಹೊಂದುವುದು ಹೇಗೆ? ‘ಕೊನೆಗಾಲದಲ್ಲಿ ಎದೆಯ ಹತ್ತಿರ ಏನೋ ತೊಂದರೆ ಇತ್ತಲ್ವಾ?’ ಎನ್ನುತ್ತಾರೆ. ವಯಸ್ಸಾದವರಲ್ಲಿ ಇದು ಯಾರಿಗೆ ಹೊಂದುವುದಿಲ್ಲ? ನಿಮ್ಮ ಕಣ್ಣು ತುಂಬಿತೋ, ಅದನ್ನೇ ಹಿಡಿದು ಮುಂದೆ ಹೋಗುತ್ತಾರೆ. ‘ಇಲ್ಲ’ ಎಂದರೆ, ‘ಹಾಗಾದರೆ ಅವರ ಅಣ್ಣನಿಗಿರಬೇಕು’. ಹೊಂದಿದ್ದಷ್ಟೇ ನಮಗೆ ನೆನಪಿರುತ್ತದೆ. ದುಃಖದಲ್ಲಿರುವವರ ಹತ್ತಿರ ಹೀಗೆ ದುಡ್ಡು ಕೀಳುವುದು ನನಗೆ ಸಹಿಸಲು ಆಗುವುದಿಲ್ಲ.

ನಮ್ಮ ಮಂಗಳೂರು, ಉಡುಪಿ ಕಡೆ ತುಳುವರ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್ ಹೊತ್ತಿಗೆ) ಕುಲೆಗಳಿಗೆ, ಅಂದರೆ ತೀರಿಹೋದ ನಮ್ಮವರಿಗೆ, ಬಡಿಸುತ್ತೇವೆ. ಬಾಳೆಎಲೆ ಹಾಕಿ, ಹೋದವರಿಗೆ ಇಷ್ಟವಿದ್ದದ್ದನ್ನು ಇಡುತ್ತೇವೆ. ಅದನ್ನು ಇದರ ಜೊತೆ ಸೇರಿಸಬೇಡಿ. ಅದು ಮನೆಯವರು ಕೂಡಿ ನೆನೆಯುವುದು, ಅದಕ್ಕೆ ಫೀಸು ಇಲ್ಲ.

ಆದರೂ ಹೋಗಲೇಬೇಕು ಅನ್ನಿಸಿದರೆ ಹೆಸರು, ಫೋನ್ ನಂಬರ್ ಮೊದಲೇ ಕೊಡಬೇಡಿ. ಇವತ್ತು ಫೇಸ್‌ಬುಕ್ ನೋಡಿದರೆ ಅರ್ಧ ಸಂಸಾರವೇ ಸಿಗುತ್ತದೆ. ಸುಮ್ನೆ ಕುಳಿತು, ಅಜ್ಜಿ ನಿಮ್ಮನ್ನು ಮನೆಯಲ್ಲಿ ಏನೆಂದು ಕರೆಯುತ್ತಿದ್ದರು ಎಂದು ಕೇಳಿ.