ನಾಲ್ಕು ಜನರ ಪ್ರಾಜೆಕ್ಟು: ಎಷ್ಟು ತಿಂಗಳಿಗೊಂದು ರಿಲೀಸ್?

ನಿಮ್ಮದು ನಾಲ್ವರು ಬಿಡುವಿನ ವೇಳೆಯಲ್ಲಿ ನಡೆಸುವ ಓಪನ್ ಸೋರ್ಸ್ ಲೈಬ್ರರಿ (ಬೇರೆ ಪ್ರೋಗ್ರಾಮುಗಳು ಬಳಸಿಕೊಳ್ಳುವ, ಎಲ್ಲರಿಗೂ ತೆರೆದ ಕೋಡ್). ಹೊಸ ಆವೃತ್ತಿ ಮೂರು ತಿಂಗಳಿಗೋ, ಆರು ತಿಂಗಳಿಗೋ, ವರ್ಷಕ್ಕೋ ಎಂದು ಕೇಳಿದ್ದೀರಿ. ಆರು ತಿಂಗಳು ಎನ್ನುತ್ತೇನೆ. ಕೋಡ್ ಎಷ್ಟು ಬೇಗ ಬರೆಯುತ್ತೀರಿ ಎಂಬುದನ್ನು ಮರೆತುಬಿಡಿ. ಹಳೆಯ ಆವೃತ್ತಿಗಳಿಗೆ ಪ್ಯಾಚ್ (ದೋಷ ತಿದ್ದುವ ಸಣ್ಣ ಬದಲಾವಣೆ) ಹಾಕುವ ಹೊರೆಯೇ ಇದನ್ನು ನಿರ್ಧರಿಸುವುದು.

ಬೆಂಬಲದ ಅವಧಿಯನ್ನು ರಿಲೀಸ್ ಅಂತರದಿಂದ ಭಾಗಿಸಿ. 18 ತಿಂಗಳ ಬೆಂಬಲ ಕೊಟ್ಟು 3 ತಿಂಗಳಿಗೊಮ್ಮೆ ಬಿಟ್ಟರೆ ಸದಾ 6 ಬ್ರಾಂಚು (ಒಂದೊಂದು ಆವೃತ್ತಿಯ ಪ್ರತ್ಯೇಕ ಕೋಡ್ ಪ್ರತಿ) ಕೈಯಲ್ಲಿರುತ್ತವೆ. ಒಂದು ಭದ್ರತಾ ದೋಷ ಸಿಕ್ಕರೆ ಆರರಲ್ಲೂ ತಿದ್ದಿ, ಆರರಲ್ಲೂ ಟೆಸ್ಟ್ ಓಡಿಸಬೇಕು. ಹಳೆಯ ಬ್ರಾಂಚಿನಲ್ಲಿ ಅದೇ ಫೈಲು ಬೇರೆ ರೂಪದಲ್ಲಿದ್ದು ಪ್ಯಾಚ್ ನೇರವಾಗಿ ಕೂರುವುದಿಲ್ಲ. ಸಮಯ ಹೋಗುವುದು ಅಲ್ಲೇ. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ವರ್ಷಕ್ಕೊಂದು ಆವೃತ್ತಿ ತಂದು ತಲಾ 5 ವರ್ಷ ನೋಡಿಕೊಳ್ಳುತ್ತದೆ, ಅಂದರೆ 5 ಬ್ರಾಂಚು. ಅಷ್ಟು ಜನ ಅವರಲ್ಲಿದ್ದಾರೆ. ಫೈರ್‌ಫಾಕ್ಸ್ ಬ್ರೌಸರ್ 2020ರಿಂದ 4 ವಾರಕ್ಕೊಮ್ಮೆ ಬರುತ್ತಿದ್ದುದು ಸಾಧ್ಯವಾದದ್ದು, ದೀರ್ಘ ಬೆಂಬಲದ ಇಎಸ್‌ಆರ್ ಎಂಬ ಆವೃತ್ತಿ ಬಿಟ್ಟು ಉಳಿದ ಹಳೆಯವನ್ನು ಕೈಬಿಡುವುದರಿಂದ. ನಾಲ್ವರಿಗೆ ಎರಡು ಬ್ರಾಂಚೇ ಮಿತಿ: 12 ತಿಂಗಳ ಬೆಂಬಲ, 6 ತಿಂಗಳ ಅಂತರ.

ಇನ್ನು ಆ 26 ವಾರಗಳ ಹಂಚಿಕೆ. ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್ಲಿನಲ್ಲಿ ಹೊಸ ಕೋಡ್ ಸೇರಲು 2 ವಾರ, ಆಮೇಲೆ ವಾರಕ್ಕೊಂದರಂತೆ 7 ಅಥವಾ 8 ಆರ್‌ಸಿ (ಬಿಡುಗಡೆಗೆ ಮುಂಚೆ ಪರೀಕ್ಷೆಗೆಂದು ಕೊಡುವ ಆವೃತ್ತಿ). ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಮೇ ತಿಂಗಳ ಮೊದಲ ಬೀಟಾದ (ಪ್ರಾಯೋಗಿಕ ಆವೃತ್ತಿಯ) ನಂತರ ಹೊಸ ಫೀಚರ್ ಸೇರದು, ಬಿಡುಗಡೆ ಅಕ್ಟೋಬರಿಗೆ. ನೀವು 18 ವಾರ ಕೋಡ್ ಬರೆಯಿರಿ, 5 ವಾರ ಫ್ರೀಜ್ (ಹೊಸ ಫೀಚರ್ ಸೇರಿಸದೆ ದೋಷ ಮಾತ್ರ ತಿದ್ದುವುದು), ಕೊನೆಯ 3 ವಾರ ಆರ್‌ಸಿ. ಪರದೆಯ ಮೇಲೆ ಕಾಣುವ ಪಠ್ಯವನ್ನೂ ಫ್ರೀಜ್ ದಿನವೇ ನಿಲ್ಲಿಸಿ. ಕನ್ನಡದಂಥ ಭಾಷೆಗೆ ಅನುವಾದಕರು ಒಬ್ಬರೋ ಇಬ್ಬರೋ ಇದ್ದರೆ, ಆಮೇಲೆ ಬದಲಾದ ಸಾಲು ಇಂಗ್ಲಿಷಿನಲ್ಲೇ ಬಳಕೆದಾರರಿಗೆ ಹೋಗುತ್ತದೆ. ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ.

ಎಡವುವುದು ಸಾಮಾನ್ಯವಾಗಿ ಒಂದೇ ಕಡೆ: "ಆ ಒಂದು ಫೀಚರ್ ಮುಗಿಯಲಿ" ಎಂದು ಕಾಯುವುದು. ಲಿನಕ್ಸ್ ಆಧಾರಿತ ಆಪರೇಟಿಂಗ್ ಸಿಸ್ಟಮ್ ಡೆಬಿಯನ್ನಿನ 3.0 ಬಂದದ್ದು 2002ರ ಜುಲೈಯಲ್ಲಿ, 3.1 ಬಂದದ್ದು 2005ರ ಜೂನಿನಲ್ಲಿ. ಸಿದ್ಧವಾಗಿದ್ದ ಎಷ್ಟೋ ಕೆಲಸ ಬಳಕೆದಾರರ ಕೈಗೆ ಸಿಗದೆ ಹಳತಾಯಿತು. ಹಾಗಾಗಿ ದಿನಾಂಕ ಕದಲಬಾರದು, ಫೀಚರ್ ಕದಲಲಿ. ಫ್ರೀಜ್ ದಿನಕ್ಕೆ ಮುಖ್ಯ ಬ್ರಾಂಚಿಗೆ ಬರದಿದ್ದದ್ದು ಮುಂದಿನ ಆವೃತ್ತಿಗೆ; ಬಂದೂ ಫ್ರೀಜಿನಲ್ಲಿ ಎರಡು ವಾರ ಸರಿಹೋಗದಿದ್ದರೆ ಹಿಂದಕ್ಕೆ ತೆಗೆಯಿರಿ. ವರ್ಷದ ಅಂತರ ಬೇಡವೆನ್ನುವುದೂ ಇದಕ್ಕೇ: ತಪ್ಪಿದರೆ ಇನ್ನೊಂದು ವರ್ಷ ಕಾಯಬೇಕಲ್ಲ ಎಂದು ಕೊನೆಯ ವಾರ ಎಲ್ಲರೂ ಅರೆಬೆಂದದ್ದನ್ನೇ ತುರುಕುತ್ತಾರೆ.

ಯಾವ ತಿಂಗಳು ಎಂಬ ಪ್ರಶ್ನೆಗೆ ಬಂದರೆ, ಲಿನಕ್ಸ್ ಆಧಾರಿತ ಇನ್ನೊಂದು ಸಿಸ್ಟಮ್ ಉಬುಂಟು ಏಪ್ರಿಲ್ ಮತ್ತು ಅಕ್ಟೋಬರಿನಲ್ಲಿ ಬರುತ್ತದೆ, ಅದರ ಫೀಚರ್ ಫ್ರೀಜ್ ಫೆಬ್ರವರಿ ಮತ್ತು ಆಗಸ್ಟಿನಲ್ಲಿ. ನೀವು ಜನವರಿ ಮಧ್ಯದಲ್ಲೊಮ್ಮೆ, ಜುಲೈ ಮಧ್ಯದಲ್ಲೊಮ್ಮೆ ಬಿಟ್ಟರೆ, ನಿಮ್ಮ ಲೈಬ್ರರಿಯನ್ನು ಅದಕ್ಕೆ ಪ್ಯಾಕೇಜ್ ಮಾಡಿ ಸೇರಿಸುವವರಿಗೆ ಕೆಲವು ವಾರ ಸಿಗುತ್ತದೆ. ಜನವರಿ ಮೊದಲ ವಾರವೇ ಬೇಡ, ವರ್ಷಾಂತ್ಯದ ರಜೆಯಲ್ಲಿ ಆರ್‌ಸಿ ಪರೀಕ್ಷಿಸುವವರು ಕಡಿಮೆ. ಭದ್ರತಾ ಪ್ಯಾಚುಗಳಿಗೆ ಮಾತ್ರ ಈ ಪಂಚಾಂಗ ಅನ್ವಯಿಸದು; ಸಿದ್ಧವಾದ ದಿನವೇ ಎರಡೂ ಬ್ರಾಂಚಿನಲ್ಲಿ ಹೊರಡಲಿ.