ಕೇಳಿ, ಹೇಳ್ತೀನಿ: ಹುಳ ಹಿಡಿದ ಬಿಸ್ಕತ್ತು, ಬಂದೂಕಿನಲ್ಲಿ ಕುಟ್ಟಿದ ಕಾಫಿ

ಪ್ರಶ್ನೆ: ಅಮೆರಿಕದ ಅಂತರ್ಯುದ್ಧ ಅಂದರೆ ನಮ್ಮ ಪಠ್ಯದಲ್ಲಿ ಲಿಂಕನ್, ಗುಲಾಮಗಿರಿ, ಗೆಟ್ಟಿಸ್‌ಬರ್ಗ್ ಅಷ್ಟೇ. ನನ್ನ ವಯಸ್ಸಿನ ಹುಡುಗ ಆ ಸೈನ್ಯದಲ್ಲಿದ್ದರೆ ದಿನವಿಡೀ ಏನು ಮಾಡುತ್ತಿದ್ದ?
(ಬಿ.ಎ. ವಿದ್ಯಾರ್ಥಿ, ಹಾವೇರಿ)

ಉತ್ತರ: ನಡೆಯುತ್ತಿದ್ದ, ಕಾಯುತ್ತಿದ್ದ, ಹೊಟ್ಟೆಗೆ ಏನು ಸಿಗುತ್ತದೆ ಅಂತ ನೋಡುತ್ತಿದ್ದ. ಗುಂಡು ಹಾರಿಸುವ ದಿನಗಳು ವರ್ಷದಲ್ಲಿ ಕೆಲವೇ. ನಾನು ಫೌಜಿನಲ್ಲಿ ಸಪ್ಲೈ ಕಡೆ ಇದ್ದವನು. ಯಾವ ಯುದ್ಧದ ಕತೆ ಓದಿದರೂ ಮೊದಲು ಕಣ್ಣು ಹೋಗುವುದು ತಟ್ಟೆಯ ಕಡೆಗೆ. ಹಾಗಾಗಿ ಅಲ್ಲಿಂದಲೇ ಶುರು ಮಾಡ್ತೀನಿ.

ಉತ್ತರದ, ಅಂದರೆ ಲಿಂಕನ್ ಸರ್ಕಾರದ ಕಡೆಯ, ಸಿಪಾಯಿ ಮಾರ್ಚ್‌ನಲ್ಲಿದ್ದರೆ ದಿನಕ್ಕೆ ಒಂಬತ್ತೋ ಹತ್ತೋ ಹಾರ್ಡ್‌ಟ್ಯಾಕ್, ಉಪ್ಪು ಹಾಕಿದ ಹಂದಿಮಾಂಸ, ಸಕ್ಕರೆ, ಕಾಫಿ. ಹಾರ್ಡ್‌ಟ್ಯಾಕ್ ಅಂದರೆ ಹಿಟ್ಟು, ನೀರು ಕಲಸಿ ಸುಟ್ಟ ಚೌಕ ಬಿಸ್ಕತ್ತು. ಅರ್ಧ ಇಂಚು ದಪ್ಪ, ಹಲ್ಲಿಗೆ ಜಗ್ಗದ ಗಟ್ಟಿ. ಹಳೇ ಪೆಟ್ಟಿಗೆಯದಾದರೆ ಒಳಗೆ ಹುಳ. ಬಿಸಿ ಕಾಫಿಯಲ್ಲಿ ಮುರಿದು ಹಾಕಿದರೆ ಹುಳ ಮೇಲೆ ತೇಲುತ್ತಿತ್ತು. ಅದನ್ನು ತೆಗೆದೆಸೆದು ಉಳಿದದ್ದು ತಿನ್ನುತ್ತಿದ್ದರು. ಕೆಲವರು ಕತ್ತಲಲ್ಲೇ ತಿಂದು ಮುಗಿಸುತ್ತಿದ್ದರು. ನೋಡದಿದ್ದರಾಯ್ತು, ಅಲ್ವಾ?

ಕಾಫಿ ಮಾತ್ರ ಪ್ರಾಣ. ನಿಯಮದ ಪ್ರಕಾರ ತಲೆಗೆ ದಿನಕ್ಕೆ ಸುಮಾರು 45 ಗ್ರಾಂ ಹಸಿ ಬೀಜ. ಅದನ್ನು ಹಂಚುವ ರೀತಿ ನನಗೆ ತುಂಬಾ ಇಷ್ಟ. ನೆಲದ ಮೇಲೆ ರಬ್ಬರ್ ಹೊದಿಕೆ ಹಾಸಿ, ತಲೆಗೊಂದರಂತೆ ಸಣ್ಣ ಸಣ್ಣ ಗುಡ್ಡೆ ಮಾಡುತ್ತಿದ್ದರು. ಎಷ್ಟೇ ಸಮ ಮಾಡಿದರೂ ಒಂದು ಗುಡ್ಡೆ ದೊಡ್ಡದಾಗಿ ಕಾಣುವುದೇ. ಅದಕ್ಕೆ ಕೆಲವು ಕಡೆ ಸಾರ್ಜೆಂಟ್ ಹೆಸರಿನ ಪಟ್ಟಿ ಹಿಡಿದು ಬೆನ್ನು ತಿರುಗಿಸಿ ನಿಲ್ಲುತ್ತಿದ್ದ. ಇನ್ನೊಬ್ಬ ಒಂದು ಗುಡ್ಡೆ ಮುಟ್ಟಿ "ಇದು ಯಾರಿಗೆ?" ಅನ್ನುತ್ತಿದ್ದ. ಸಾರ್ಜೆಂಟ್ ನೋಡದೆಯೇ ಒಂದು ಹೆಸರು ಕೂಗುತ್ತಿದ್ದ. ತನಗೆ ಬೇಕಾದವನಿಗೆ ಜಾಸ್ತಿ ಕೊಟ್ಟ ಅನ್ನುವ ಮಾತೇ ಇಲ್ಲ. ರೇಷನ್ ಹಂಚಿ ಬೈಸಿಕೊಂಡವರಿಗೆ ಇದರ ಬೆಲೆ ಗೊತ್ತು.

ಬೀಜವನ್ನು ಬಾಣಲೆಯಲ್ಲಿ ಹುರಿದು, ಬಂದೂಕಿನ ಹಿಂಬದಿಯಿಂದ ಕುಟ್ಟಿ, ತಗಡಿನ ಡಬ್ಬಿಯಲ್ಲಿ ಕುದಿಸುವುದು. ಹಾಲಿನ ಮಾತು ಬಿಡಿ. ದಕ್ಷಿಣದವರಿಗೆ, ಅಂದರೆ ಬೇರೆಯಾಗಲು ಹೊರಟ ಗುಲಾಮಗಿರಿ ರಾಜ್ಯಗಳವರಿಗೆ, ಕಾಫಿಯೂ ಇರಲಿಲ್ಲ. ಉತ್ತರದ ನೌಕಾಪಡೆ ಅವರ ಬಂದರುಗಳನ್ನು ಬಂದ್ ಮಾಡಿತ್ತು. ಹುರಿದ ಗೆಣಸು, ಬೆಂಡೆಬೀಜ, ಚಿಕೋರಿ ಕುದಿಸಿ ಕಾಫಿ ಅಂತ ಕುಡಿದರು. ಆದರೆ ಅವರ ಹತ್ತಿರ ಹೊಗೆಸೊಪ್ಪು ಬೇಕಾದಷ್ಟಿತ್ತು. 1862-63ರ ಚಳಿಗಾಲದಲ್ಲಿ ವರ್ಜೀನಿಯಾದ ರಾಪಹಾನಕ್ ನದಿಯ ಎರಡೂ ದಡದಲ್ಲಿ ಪಹರೆಯ ಹುಡುಗರು ಮರದ ಪುಟ್ಟ ದೋಣಿ ಮಾಡಿ, ಬಟ್ಟೆ ಚೂರಿನ ಹಾಯಿ ಕಟ್ಟಿ ಬಿಡುತ್ತಿದ್ದರು. ಅತ್ತ ಕಾಫಿ, ಇತ್ತ ಹೊಗೆಸೊಪ್ಪು, ಜೊತೆಗೆ ಪೇಪರ್. ಅಧಿಕಾರಿಗಳು ಬೇಡ ಅಂದರೂ ನಡೆಯಿತು. ಸ್ವಲ್ಪ ದಿನದ ಹಿಂದಷ್ಟೇ, ಡಿಸೆಂಬರ್‌ನಲ್ಲಿ, ಅಲ್ಲೇ ಫ್ರೆಡರಿಕ್ಸ್‌ಬರ್ಗ್‌ನಲ್ಲಿ ಇವರೇ ಒಬ್ಬರನ್ನೊಬ್ಬರು ಕೊಂದಿದ್ದರು.

ಉಳಿದದ್ದು ಬೇಗ ಹೇಳಿಬಿಡ್ತೀನಿ. ಬೆಳಗಾಗುತ್ತಲೇ ಬ್ಯೂಗಲ್, ಹಾಜರಿ. ಶಿಬಿರದಲ್ಲಿದ್ದರೆ ದಿನಕ್ಕೆ ನಾಲ್ಕೈದು ಸಲ ಡ್ರಿಲ್. ಹೆಗಲ ಮೇಲೆ ನಾಲ್ಕು ಕಿಲೋ ಬಂದೂಕು, ಸೊಂಟದಲ್ಲಿ 40 ತೋಟೆ. ತೋಟೆಯ ಕಾಗದವನ್ನು ಹಲ್ಲಲ್ಲೇ ಹರಿಯಬೇಕು, ಆಮೇಲೆ ಬಾಯೆಲ್ಲ ಮದ್ದಿನ ಕಹಿ. ಗುಡಾರದಲ್ಲಿ ಅರ್ಧ ನಿನ್ನ ಹತ್ತಿರ, ಅರ್ಧ ಜೊತೆಗಾರನ ಹತ್ತಿರ. ರಾತ್ರಿ ಬಟನ್ ಹಾಕಿ ಜೋಡಿಸಿದರೆ ಇಬ್ಬರಿಗೂ ಸೂರು. ಬಯನೆಟ್‌ನ ಮೊನೆ ನೆಲಕ್ಕೆ ಚುಚ್ಚಿ, ಮೇಲಿನ ತೂತಿಗೆ ಮೇಣದಬತ್ತಿ ಸಿಕ್ಕಿಸಿ ಮನೆಗೆ ಕಾಗದ ಬರೆಯುವುದು. ಹೇನು ಎಲ್ಲರ ಅಂಗಿಯಲ್ಲೂ ಇತ್ತು.

ಗುಂಡಿಗಿಂತ ಭೇದಿ ಜಾಸ್ತಿ ಜನರನ್ನು ಹೆದರಿಸಬೇಕಿತ್ತು. ಸತ್ತವರಲ್ಲಿ ಮೂವರಲ್ಲಿ ಇಬ್ಬರು ರೋಗದಿಂದಲೇ ಸತ್ತರು. ಹಳ್ಳಿ ಹುಡುಗರಿಗೆ ಶಿಬಿರಕ್ಕೆ ಬಂದ ಕೂಡಲೇ ದಡಾರ. ಕಕ್ಕಸು ಗುಂಡಿಯ ಪಕ್ಕದ ಹಳ್ಳದ್ದೇ ಕುಡಿಯುವ ನೀರು. ನೀರು ಕುದಿಸಬೇಕು ಅಂತ ಯಾರೂ ಹೇಳಿರಲಿಲ್ಲ. ಕಾಫಿಗೆ ಕುದಿಸಿದ್ದರಿಂದ ಎಷ್ಟೋ ಜನ ಉಳಿದಿರಬೇಕು ಅನ್ನುವುದು ನನ್ನ ಲೆಕ್ಕ.

ಪ್ರಶ್ನೆ: ಸಂಬಳ ಎಷ್ಟಿತ್ತು ಸಾರ್? ಸರಿಯಾಗಿ ಬರುತ್ತಿತ್ತಾ?
(ಓದುಗರು, ಹಾಸನ)

ಉತ್ತರ: ಉತ್ತರದ ಸಿಪಾಯಿಗೆ ತಿಂಗಳಿಗೆ 13 ಡಾಲರ್, 1864ರಲ್ಲಿ 16 ಆಯ್ತು. ದಕ್ಷಿಣದವನಿಗೆ 11 ಡಾಲರ್, ಅದೂ ದಿನೇದಿನೇ ಬೆಲೆ ಕಳೆದುಕೊಳ್ಳುವ ನೋಟಿನಲ್ಲಿ. ಎರಡೂ ಕಡೆ ತಿಂಗಳುಗಟ್ಟಲೆ ಬಾಕಿ. ಉತ್ತರದ ಪರ ಹೋರಾಡಿದ ಕಪ್ಪು ಸಿಪಾಯಿಗಳಿಗೆ ಮಾತ್ರ 10 ಡಾಲರ್, ಅದರಲ್ಲೂ ಬಟ್ಟೆಗೆ 3 ಹಿಡಿದುಕೊಂಡು ಕೈಗೆ 7. ಮ್ಯಾಸಚೂಸೆಟ್ಸ್‌ನ 54ನೇ ರೆಜಿಮೆಂಟಿನ ಕಪ್ಪು ಸಿಪಾಯಿಗಳು ಈ ಸಂಬಳವೇ ಬೇಡ ಅಂತ ಮುಟ್ಟಲಿಲ್ಲ, ಡ್ಯೂಟಿಯನ್ನೂ ಬಿಡಲಿಲ್ಲ. 1864ರ ಜೂನ್‌ನಲ್ಲಿ ಕಾಂಗ್ರೆಸ್ (ಅಮೆರಿಕದ ಸಂಸತ್ತು) ಸಮಾನ ಸಂಬಳ ಕೊಡಲು ಒಪ್ಪಿತು.

ಪ್ರಶ್ನೆ: ಆ ಯುದ್ಧದಿಂದ ನಮ್ಮ ಧಾರವಾಡದ ಹತ್ತಿಗೆ ಬೆಲೆ ಬಂತಂತೆ, ನಿಜವಾ?
(ಓದುಗರು, ಗದಗ)

ಉತ್ತರ: ನಿಜ. ದಕ್ಷಿಣದವರ ಬಂದರು ಬಂದ್ ಆದ ಮೇಲೆ ಇಂಗ್ಲೆಂಡಿನ ಗಿರಣಿಗಳಿಗೆ ಅಮೆರಿಕದ ಹತ್ತಿ ಬಾರದಾಯಿತು. ಧಾರವಾಡದ ಕಡೆ ಅದಕ್ಕೆ ಮೊದಲೇ ಅಮೆರಿಕದ ಬೀಜ ಬಿತ್ತಿಸಿದ್ದರು. ಹತ್ತಿ ಕುಮಟೆ ಬಂದರಿನಿಂದ ಮುಂಬೈಗೆ ಹೋಗುತ್ತಿತ್ತು. ನಾಲ್ಕು ವರ್ಷ ಬೆಲೆ ಏರಿದ್ದೇ ಏರಿದ್ದು. 1865ರಲ್ಲಿ ಯುದ್ಧ ನಿಂತಿತು, ಬೆಲೆ ಬಿತ್ತು, ಮುಂಬೈನಲ್ಲಿ ದೊಡ್ಡ ದೊಡ್ಡ ಸಾಹುಕಾರರೇ ದಿವಾಳಿಯಾದರು.